ನೆಲಮಾಳಿಗೆಗೆ ನೀರು ನುಗ್ಗಿದರೆ ಮೊಬೈಲ್‌ಗೆ ಎಚ್ಚರಿಕೆ: ವೈ-ಫೈ ಚಿಪ್ ಕೆಲಸ ಮಾಡುವುದು ಹೀಗೆ
ಮುಂಬೈನ ಸಾಂತಾಕ್ರೂಜ್‌ನಲ್ಲಿ 2005ರ ಜುಲೈ 26ರಂದು 24 ಗಂಟೆಗಳಲ್ಲಿ 944 ಮಿ.ಮೀ. ಮಳೆ ಸುರಿದಿತ್ತು. ಮಿಠಿ ನದಿ ಉಕ್ಕಿ ಬಾಂದ್ರಾ-ಕುರ್ಲಾ ಭಾಗದ ತಗ್ಗು ಪ್ರದೇಶಗಳು ಜಲಾವೃತಗೊಂಡಿದ್ದವು.

ಇಂಥ ಕಡೆ ನೆಲಮಾಳಿಗೆಗೆ ನೀರು ನುಗ್ಗಿದ ಸುದ್ದಿಯನ್ನು ತಕ್ಷಣ ತಿಳಿಸಲು ಇಎಸ್‌ಪಿ8266ನಂತಹ ವೈ-ಫೈ ಮೈಕ್ರೋಕಂಟ್ರೋಲರ್ ಬಳಸಬಹುದು. ಸೆನ್ಸರ್‌ಗೆ ನೀರು ತಾಗಿದೊಡನೆ ಚಿಪ್ ಇಂಟರ್‌ನೆಟ್ ಮೂಲಕ ಸರ್ವರ್‌ಗೆ ಮಾಹಿತಿ ನೀಡುತ್ತದೆ. ಮೊದಲೇ ಅನುಮತಿ ಕೊಟ್ಟಿರುವವರ ಬ್ರೌಸರ್‌ಗೆ ಸರ್ವರ್, ಪುಶ್ ಸೇವೆಯ ಮೂಲಕ ನೋಟಿಫಿಕೇಶನ್ ಕಳುಹಿಸುತ್ತದೆ. ವೆಬ್ ಪುಟ ತೆರೆದಿರಬೇಕೆಂದಿಲ್ಲ.

ಆದರೆ ಮಳೆಗೆ ಕರೆಂಟ್ ಹೋಗಿ ರೂಟರ್ ನಿಂತರೆ ಎಚ್ಚರಿಕೆಯೂ ಬರುವುದಿಲ್ಲ. ಹೀಗಾಗಿ ಚಿಪ್, ರೂಟರ್ ಎರಡಕ್ಕೂ ಬ್ಯಾಟರಿ ಬೇಕು. ಚಿಪ್ ಐದು ನಿಮಿಷಕ್ಕೊಮ್ಮೆ ಸರ್ವರ್‌ಗೆ ಹಾಜರಿ ಹಾಕುವಂತೆಯೂ, ಹಾಜರಿ ತಪ್ಪಿದರೆ ಸರ್ವರ್ ತಾನೇ ಎಚ್ಚರಿಸುವಂತೆಯೂ ಪ್ರೋಗ್ರಾಂ ಬರೆದಿಡುವುದು ಒಳ್ಳೆಯದು.