ಜನಗಣತಿಯ ಅಂಕಗಳು ಮತ್ತು ಸಂಸ್ಥಾನಗಳ ಎಲ್ಲೆಗಳು

೧೯೦೧ರ ಜನಗಣತಿಯು ಜಮಖಂಡಿ ಸಂಸ್ಥಾನದಲ್ಲಿ ೧,೦೫,೩೫೭ ಜನರನ್ನೂ ಮುಧೋಳ ಸಂಸ್ಥಾನದಲ್ಲಿ ೬೩,೦೦೧ ಜನರನ್ನೂ ಎಣಿಸಿತು. ಈ ಅಂಕಗಳನ್ನು ಇಂದಿನ ತಾಲೂಕುಗಳ ಅಂಕಗಳೊಡನೆ ನೇರವಾಗಿ ಹೋಲಿಸುವುದು ಸಲ್ಲದೆಂದು ನಾವು ಭಾವಿಸುತ್ತೇವೆ. ಇಂದು ಧಾರವಾಡ ಜಿಲ್ಲೆಗೆ ಸೇರಿರುವ ಕುಂದಗೋಳವು ಅಂದು ಜಮಖಂಡಿಯ ಲೆಕ್ಕದಲ್ಲಿದ್ದಿತು. ನೇಕಾರರ ಅಕ್ಕಪಕ್ಕದ ಊರುಗಳಾದ ರಬಕವಿ, ಬನಹಟ್ಟಿಗಳಲ್ಲಿ ಮೊದಲನೆಯದು ಸಾಂಗಲಿ ಸಂಸ್ಥಾನಕ್ಕೂ ಎರಡನೆಯದು ಜಮಖಂಡಿಗೂ ಸೇರಿದ್ದಿತು. ಬೀಳಗಿಯು ಬ್ರಿಟಿಷ್ ಆಡಳಿತದ ವಿಜಾಪುರ ಜಿಲ್ಲೆಯಲ್ಲಿದ್ದಿತು. ೧೯೪೮ರಲ್ಲಿ ಈ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನಗೊಂಡುವು. ಹಳೆಯ ಕೋಷ್ಟಕಗಳ ಸಾಲು ಅಲ್ಲಿಗೇ ಕಡಿಯಿತು.

ಇಂದಿನ ಗಣಕಜಾಲಗಳಲ್ಲಿಯೂ ಇಂಥದೇ ತೊಡಕುಂಟು. ಹಾದುಹೋಗುವ ಮಾಹಿತಿಯನ್ನೆಣಿಸುವ ತಂತ್ರಾಂಶವು ಮರುಚಾಲನೆಯಾದೊಡನೆ ಸಾಮಾನ್ಯವಾಗಿ ಸೊನ್ನೆಯಿಂದ ತೊಡಗುತ್ತದೆ. ಆ ಗಳಿಗೆಯನ್ನರಿಯದವನಿಗೆ ಅದು ಇಳಿಕೆಯಾಗಿ ತೋರುತ್ತದೆ. ಆದುದರಿಂದ ಊರೂರಿನ ಎಣಿಕೆಯನ್ನು ಒಂದೇ ಎಲ್ಲೆಯೊಳಗೆ ಕೂಡಿಸಿಕೊಂಡ ಬಳಿಕವೇ ವಿದ್ಯಾರ್ಥಿಯು ಜನಸಂಖ್ಯೆಯ ಏರಿಳಿತವನ್ನು ಕುರಿತು ನಿರ್ಣಯಿಸತಕ್ಕದ್ದು.