ಮಂಪರು ಪರೀಕ್ಷೆಗೆ ಸಮ್ಮತಿ: ಸದಲಗಾ ಭಾಗದ ಸಾರ್ವಜನಿಕರ ಮಾಹಿತಿಗಾಗಿ

ಆರೋಪಿ, ಶಂಕಿತ ಅಥವಾ ಸಾಕ್ಷಿ ಯಾರೇ ಆಗಲಿ, ಇಚ್ಛೆಗೆ ವಿರುದ್ಧವಾಗಿ ಅವರನ್ನು ಮಂಪರು ಪರೀಕ್ಷೆಗಾಗಲಿ ಸುಳ್ಳು ಪತ್ತೆ ಪರೀಕ್ಷೆಗಾಗಲಿ ಒಳಪಡಿಸುವಂತಿಲ್ಲ. ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದಲ್ಲಿ ಮಾನ್ಯ ಸರ್ವೋಚ್ಚ ನ್ಯಾಯಾಲಯವು ದಿನಾಂಕ 5-5-2010ರಂದು ಹೀಗೆ ತೀರ್ಪಿತ್ತಿದೆ. ಮನದಲ್ಲಿರುವುದನ್ನು ಹೇಳುವುದೋ ಮೌನವಾಗಿರುವುದೋ ವ್ಯಕ್ತಿಯ ಖಾಸಗಿ ನಿರ್ಧಾರ. ಸಂವಿಧಾನದ 20(3) ಮತ್ತು 21ನೇ ಅನುಚ್ಛೇದಗಳು ಅದಕ್ಕೆ ರಕ್ಷಣೆ ನೀಡುತ್ತವೆ.

ಠಾಣೆಯಲ್ಲಿ ಹಾಕಿದ ಸಹಿ ಮಾತ್ರದಿಂದ ಸಮ್ಮತಿ ಪೂರ್ಣವಾಗದು. ಅದನ್ನು ವಕೀಲರ ನೆರವಿನೊಂದಿಗೆ ನ್ಯಾಯಿಕ ದಂಡಾಧಿಕಾರಿಗಳ ಮುಂದೆ ದಾಖಲಿಸತಕ್ಕದ್ದು. ಸಮ್ಮತಿಯಿದ್ದರೂ ಪರೀಕ್ಷೆಯಲ್ಲಿ ಆಡಿದ ಮಾತು ತಾನೇ ಸಾಕ್ಷ್ಯವಲ್ಲ. ಆದರೆ ಅದರ ನೆರವಿನಿಂದ ತರುವಾಯ ಪತ್ತೆಯಾದುದು ಸಾಕ್ಷ್ಯವಾಗಬಲ್ಲದು. ಸಮ್ಮತಿಸುವವರು ಮರೆಯುವುದು ಇದನ್ನೇ.

ಬಂಧನದಲ್ಲಿರುವವರು 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯನ್ವಯ ಆದಾಯ ಮಿತಿಯಿಲ್ಲದೆ ಉಚಿತ ವಕೀಲರ ನೆರವಿಗೆ ಅರ್ಹರು. ಅರ್ಜಿಯನ್ನು ಚಿಕ್ಕೋಡಿ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಸಲ್ಲಿಸಬಹುದು.