ಕಣಗಿಲೆ, ಹಳದಿ ಕಣಗಿಲೆ: ಅಂಗಳಕ್ಕೆ ಯಾವುದು ಹಿತ?

ಕಣಗಿಲೆ ಹಾಗೂ ಹಳದಿ ಕಣಗಿಲೆ ಒಂದೇ ಕುಟುಂಬಕ್ಕೆ ಸೇರಿದ ನಿತ್ಯಹಸಿರಿನ ಅಲಂಕಾರಿಕ ಸಸ್ಯಗಳು. ಎರಡಕ್ಕೂ ಒಳ್ಳೆಯ ಬಿಸಿಲು ಹಾಗೂ ನೀರು ಬಸಿದುಹೋಗುವ ಮಣ್ಣು ಬೇಕು; ಬರವನ್ನು ಎರಡೂ ತಾಳಿಕೊಳ್ಳುತ್ತವೆ.

ಕಣಗಿಲೆಯ ಗಿಣ್ಣಿನಲ್ಲಿ ಸಾಮಾನ್ಯವಾಗಿ ಮೂರು ಎಲೆಗಳಿರುತ್ತವೆ. ಬಿಳಿ, ಗುಲಾಬಿ ಅಥವಾ ಕೆಂಪು ಹೂಗಳು ಗೊಂಚಲಾಗಿ ಅರಳುತ್ತವೆ. ಆಗಾಗ ಸವರಿದರೆ ಕುಂಡದಲ್ಲೂ ಬೆಳೆಸಬಹುದು. ಉಷ್ಣವಲಯದ ಅಮೆರಿಕ ಮೂಲದ ಹಳದಿ ಕಣಗಿಲೆಯ ಎಲೆ ಕಿರಿದು, ಹೂವು ಗಂಟೆಯಾಕಾರದ್ದು. ಸಣ್ಣ ಮರವಾಗುವ ಇದಕ್ಕೆ ಬೇಲಿಯಂಚು ಸೂಕ್ತ.

ಎರಡರ ಎಲ್ಲ ಭಾಗಗಳೂ ವಿಷಯುಕ್ತ. ಇವುಗಳಲ್ಲಿನ ಗ್ಲೈಕೋಸೈಡ್‌ಗಳು ಹೃದಯದ ಬಡಿತವನ್ನು ಏರುಪೇರು ಮಾಡಿ ಪ್ರಾಣಕ್ಕೇ ಎರವಾಗಬಲ್ಲವು. ಒಣಗಿದ ಎಲೆಯಲ್ಲೂ ವಿಷ ಉಳಿದಿರುತ್ತದೆ. ಹಳದಿ ಕಣಗಿಲೆಯ ಉದುರಿದ ಕಾಯಿಗಳು ಆಡುವ ಮಕ್ಕಳ ಕೈಗೆ ಸುಲಭವಾಗಿ ಸಿಗುತ್ತವೆ. ಆದ್ದರಿಂದ ಪುಟ್ಟ ಮಕ್ಕಳು, ಜಾನುವಾರುಗಳಿರುವ ಮನೆಗೆ ಎರಡೂ ಬೇಡ. ಉಳಿದವರಿಗೆ ಕಣಗಿಲೆಯೇ ಮೇಲು.